ಕುದಿಯುವ ಡಾಂಬರಿನಲ್ಲಿ ಅಪ್ಪ

ಇವತ್ತು ಬೆಳಿಗ್ಗೆಯಿಂದ ನಮ್ಮ ಮನೆಯೆದುರಿನ ರಸ್ತೆಗೆ ಹೊಸ ಡಾಂಬರು ಹಾಕುತ್ತಿದ್ದಾರೆ. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬರುತ್ತಿದೆ. ನಿಮಗೆ ಆ ವಾಸನೆಯಿಂದ ಏನು ನೆನಪಾಗುತ್ತದೋ ಕಾಣೆ; ನನಗೆ ನೆನಪಾಗುವುದು ನರಕ. ಅದೂ ನಮ್ಮ ಯಮಧರ್ಮರಾಯನದಲ್ಲ, ಇಟಲಿಯದು.

ತೊಂಬತ್ತರ ದಶಕದ ಮಾತು. ಆಗಲೂ ಅಮೆರಿಕದ ಈ ರೆಸ್ಟನ್ನಿನಲ್ಲೇ ಇದ್ದೆವು. ಹೈಸ್ಕೂಲಿನಲ್ಲಿದ್ದ ಮಗಳು ಸ್ಮಿತಾಳಿಗೆ ಏಳುನೂರು ವರ್ಷ ಹಿಂದಿನ ಇಟಲಿಯ ಕವಿಯೊಬ್ಬನ ಕಾವ್ಯ ಪಾಠಕ್ಕಿತ್ತು. ಆ ಮಹಾನುಭಾವ ನರಕವನ್ನು ಅಂತಸ್ತು ಅಂತಸ್ತಾಗಿ ಕಟ್ಟಿ, ತನ್ನ ಕಾಲದ ರಾಜಕಾರಣಿಗಳನ್ನು ಹೆಸರು ಹಿಡಿದು ಅದರೊಳಗೆ ತಳ್ಳಿದ್ದನಂತೆ. ಅಧಿಕಾರವನ್ನು ಸ್ವಂತಕ್ಕೆ ಬಳಸಿದವರಿಗೆ ಕುದಿಯುವ ಡಾಂಬರು. ತಲೆಯೆತ್ತಿದರೆ ದೆವ್ವಗಳು ಕೊಕ್ಕೆ ಹಾಕಿ ಅದುಮುತ್ತವೆ. ನನಗೆ ಬಹಳ ಹಿಡಿಸಿತು. ಭಾರತದ ಮಂತ್ರಿಗಳು, ಇಲ್ಲಿಯ ಸೆನೆಟರುಗಳು ಎಂಬ ಭೇದವೆಣಿಸದೆ ಊಟದ ಮೇಜಿನಲ್ಲೇ ಹಲವರನ್ನು ಮುಳುಗಿಸಿದೆ. ನ್ಯಾಯ ಹಂಚುವಾಗ ನನಗೆ ಎರಡು ತುತ್ತು ಹೆಚ್ಚೇ ಸೇರುತ್ತದೆ.

ಸ್ಕೂಲಿನಲ್ಲಿ ಮಕ್ಕಳು ತಮ್ಮದೇ ನರಕದ ಚಿತ್ರ ಬರೆಯಬೇಕಿತ್ತು. ಪೋಷಕರನ್ನು ಕರೆದಿದ್ದ ಸಂಜೆ ಗೋಡೆಯ ಮೇಲೆ ಸ್ಮಿತಾಳ ಚಿತ್ರ ಹುಡುಕಿಕೊಂಡು ಹೋದೆ. ಡಾಂಬರಿನ ಹೊಂಡದಲ್ಲಿ ಒಬ್ಬನೇ ಒಬ್ಬ. ದಪ್ಪ ಕನ್ನಡಕ, ಬೋಳುತಲೆ, ಕೊರಳಲ್ಲಿ ಕನ್ನಡ ಸಂಘದ ಹಳದಿ-ಕೆಂಪು ಶಾಲು. ಮಗಳು ಬಹಳ ಆಳವಾಗಿ ಯೋಚಿಸಿದ್ದಾಳೆಂದು ಟೀಚರು ನನ್ನ ಕೈ ಕುಲುಕಿದರು. ಅವರಿಗೆ ಗುರುತು ಹತ್ತಿತೋ ಇಲ್ಲವೋ ತಿಳಿಯದು.

ಕಾರಿನಲ್ಲಿ ಕೇಳಿದೆ, "ನಾನ್ಯಾಕಮ್ಮ ಅಲ್ಲಿ?"

"ವಿದ್ಯಾಳ ಸಾಂಗ್, ಅಪ್ಪ. ಯು ಗೇವ್ ಇಟ್ ಟು ಮಿ."

ಆ ವರ್ಷ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ನಾನು. ರಾಜ್ಯೋತ್ಸವಕ್ಕೆ ಒಬ್ಬರೇ ಹಾಡುವ ಹಾಡು ಒಂದೇ ಇತ್ತು. ಸ್ಮಿತಾಳ ಗೆಳತಿ ವಿದ್ಯಾಳಿಗೆ ಸಾಟಿಯಾಗಿ ಹಾಡುವವರು ನಮ್ಮ ಮಕ್ಕಳಲ್ಲಿ ಯಾರೂ ಇರಲಿಲ್ಲ. ಆದರೂ ಅವಳನ್ನು ಕೋರಸ್ಸಿಗೆ ಹಾಕಿ, ಹಾಡನ್ನು ಮಗಳಿಗೆ ಕೊಟ್ಟೆ. ಸ್ಮಿತಾ ಬೇಡವೆಂದಿದ್ದಳು. ಯಾಕೆಂದು ವಿದ್ಯಾ ಕೇಳಿದಾಗ, "ಶ್ರುತಿ ಸ್ವಲ್ಪ ತಪ್ತಾ ಇದೆ ಪುಟ್ಟಿ" ಎಂದಿದ್ದೆ.

"ಆ ಕವಿ ಮೇಲೂ ಅಧಿಕಾರ ದುರುಪಯೋಗದ ಇದೇ ಆರೋಪ ಹೊರಿಸಿ ಊರು ಬಿಡಿಸಿದ್ರು ಅಂತ ನೀನೇ ಹೇಳಿದ್ಯಲ್ಲ" ಎಂದೆ ಕಾರಿನಲ್ಲಿ ಮಗಳಿಗೆ, ದೊಡ್ಡವರ ಸಾಲಿಗೆ ಸೇರುವ ಆಸೆಯಿಂದ.

"ಬಟ್ ಅವ್ನು ಮಾಡಿರ್ಲಿಲ್ಲ ಅಪ್ಪ. ನೀನು ಮಾಡ್ದೆ."

ಮಗಳ ಕಣ್ಣಲ್ಲಿ ಅಷ್ಟು ಸಣ್ಣವನಾದದ್ದು ನನಗೆ ಸಹಿಸಲಾಗಲಿಲ್ಲ. ಮರುದಿನವೇ ವಿದ್ಯಾಳ ಮನೆಗೆ ಹೋಗಿ ಅವಳ ತಾಯಿಯೆದುರು ತಪ್ಪೊಪ್ಪಿಕೊಂಡೆ. ಆಕೆ ಕಾಫಿ ಕೊಟ್ಟು, "ಬಿಡಿ, ಗೊತ್ತಿದ್ದದ್ದೇ. ಮುಂದಿನ್ ವರ್ಷ ನಮ್ಮನೆಯವ್ರೇ ಸೆಕ್ರೆಟರಿ ಆಗ್ತಾರಲ್ಲ. ಅವಳಿಗೇನೂ ಹೇಳಕ್ ಹೋಗ್ಬೇಡಿ, ಸುಮ್ನೆ ಬೇಜಾರ್ ಮಾಡ್ಕೋತಾಳೆ" ಎಂದರು. ದೈವನ್ಯಾಯ ಒಂದು ಲೋಟ ಕಾಫಿಯಲ್ಲಿ ಮುಗಿಯಿತೆಂದು ಹಗುರಾಗಿ ಮನೆಗೆ ಬಂದೆ. ಹೇಳಿಬಂದೆನೆಂದ ಮೇಲೆ ಸ್ಮಿತಾಳೂ ಆ ಮಾತು ಬಿಟ್ಟಳು.

ಹೇಳಬೇಕಾದದ್ದು ಯಾರಿಗೆ ಎಂಬುದು ಇಷ್ಟು ವರ್ಷ ನನ್ನನ್ನು ಕಾಡಲೇ ಇಲ್ಲವೆಂದರೆ ನೀವು ನಂಬಬೇಕು. ಇವತ್ತು ಸ್ಮಿತಾಳಿಂದ ನಂಬರು ಪಡೆದು ವಿದ್ಯಾಳಿಗೆ ಫೋನ್ ಮಾಡಿದೆ. ಅವಳಿಗೀಗ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ತಡವರಿಸುತ್ತ ಎಲ್ಲವನ್ನೂ ಹೇಳಿ, ಬೈಯುತ್ತಾಳೆಂದು ಕಾದೆ.

"ಹಾಗಾದ್ರೆ ನನ್ ಶ್ರುತಿ ಸರಿ ಇತ್ತಾ ಅಂಕಲ್?"

"ಸರಿಯಾಗೇ ಇತ್ತಮ್ಮ."

ಮೆಲ್ಲಗೆ ಹೇಳಿದಳು, "ಅದಾದ್ಮೇಲೆ ನಾನು ಹಾಡ್ಲೇ ಇಲ್ಲ."