ಅಕ್ಕೋರಿಗೆ ಉಪ್ಪು ಗೊತ್ತಾಗದ ದಿನ

ತಂಗೀ, ತಮ್ಮಾ, ನಿಮ್ಮನ್ನು ಶಾಲೆಯಲ್ಲಿ ಬರೆಸಿದ ಹೆಸರಿನಿಂದ ಕರೆದು ನನಗೆ ಅಭ್ಯಾಸವಿಲ್ಲ. ಇಲ್ಲೂ ಮನೆಯಲ್ಲಿ ಕರೆಯುವ ಹಾಗೆಯೇ ಬರೆಯುತ್ತೇನೆ. ಹೆಚ್ಚಿನದು ತಂಗಿಗಾಗಿ. ಭಟ್ಕಳದ ಶಾಲೆಗೆ ಟೀಚರಾಗಿ ಸೇರಿ ನಿನಗಿನ್ನೂ ವರ್ಷ ತುಂಬಿಲ್ಲ. ಹೋದ ಭಾನುವಾರ ಬಂದವಳು ಊಟದ ತಟ್ಟೆ ಮುಂದಿಟ್ಟುಕೊಂಡು ಫೋನಿನಲ್ಲಿ ಶಾಲೆಯ ಏನೋ ಲೆಕ್ಕ ತುಂಬುತ್ತಲೇ ಇದ್ದೆ. ಉಳಿದ ಟೀಚರಿಗೂ ಸ್ವಲ್ಪ ಕೆಲಸ ಕೊಡಬಾರದೇ ಎಂದು ಕೇಳಿದ್ದಕ್ಕೆ, "ಬೇಡ ಅನ್ನೂಕೆ ನಂಗೆ ಬರೂದಿಲ್ಲ ಅಜ್ಜಿ" ಎಂದೆ. ಆ ಸ್ವಭಾವ ನಿನಗೆ ನನ್ನಿಂದಲೇ ಬಂದಿರಬೇಕು. ನನಗಂತೂ ಎದುರು ಕೂತು ಬುದ್ಧಿ ಹೇಳಲು ಬರುವುದಿಲ್ಲ. ಏಳನೆಯ ಇಯತ್ತೆ ಓದಿದ ಅಕ್ಷರ ಕೈಯಲ್ಲಿದೆ, ಬರೆಯುತ್ತೇನೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ಮಂಕಿ ಕಡೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದು ನಿಮಗೆ ಗೊತ್ತು. ಅಲ್ಲಿ ಹೆಡ್ ಟೀಚರು ಒಬ್ಬರು, ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು, ಕುಮಟೆಯಿಂದ ಬಸ್ಸಿನಲ್ಲಿ ಬರುವವರು. ದೊಡ್ಡ ಮಕ್ಕಳಿಗೆ ಕಲಿಸುವ ಮಾಸ್ತರು ಒಬ್ಬರು. ಇಬ್ಬರಿಗೂ ಕೆಲಸ ಬೇಕಾದಷ್ಟಿತ್ತು. ಪಾಠದ ಮೇಲೆ ಮತದಾರರ ಪಟ್ಟಿ, ಮನೆ ಮನೆ ಸಮೀಕ್ಷೆ, ಫೋನಿನಲ್ಲಿ ಹಾಜರಿ, ಮಕ್ಕಳು ಮೊಟ್ಟೆ ತಿನ್ನುವ ಫೋಟೋ. ಮಾಸ್ತರು ಆದಷ್ಟು ಮಾಡುತ್ತಿದ್ದರು, ಗಂಟೆ ಬಾರಿಸಿದ ಮೇಲೆ ಫೋನು ಕಿಸೆಗೆ ಹಾಕಿ ದಡದ ಮೇಲೆ ಮೀನು ನೋಡಲು ಹೋಗುತ್ತಿದ್ದರು. ಮೀಟಿಂಗಿನಲ್ಲಿ ಬೈಸಿಕೊಂಡು ಬಂದರೆ ಅದನ್ನೇ ನಗೆಯಾಡಿ ನಮಗೆ ಹೇಳುತ್ತಿದ್ದರು. ಅಕ್ಕೋರು ಹಾಗಲ್ಲ. ಒಂದು ಮಗು ಎರಡು ದಿನ ಬಾರದಿದ್ದರೆ ಅದರ ಮನೆಗೇ ಹೋಗುವರು. ಮಾಸ್ತರು ಅರ್ಧ ಬಿಟ್ಟದ್ದನ್ನೂ ತಾವೇ ಮುಗಿಸುವರು. ಯಾರಾದರೂ ಒಂದು ಮಾತು ಅಂದರೆ ವಾರವಿಡೀ ಮುಖ ಬಾಡಿರುತ್ತಿತ್ತು. ಅಕ್ಕೋರು ಒಳ್ಳೆಯವರು, ಮಾಸ್ತರು ಸ್ವಲ್ಪ ಸೋಮಾರಿ ಎಂದು ನಾನು ಬಹಳ ಕಾಲ ಎಣಿಸಿದ್ದೆ.

ಮಕ್ಕಳಿಗೆ ಬಡಿಸುವ ಮೊದಲು ಊಟದ ರುಚಿಯನ್ನು ಟೀಚರು ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕೆಂಬುದು ನಿಯಮ. ನಿಮ್ಮಲ್ಲೂ ಇರಬಹುದು. ಅಕ್ಕೋರು ಅದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಮೊದಮೊದಲು ಕೂತು ತಿಂದು, ಬೇಳೆ ಬೆಂದಿಲ್ಲ, ಹುಳಿ ಮುಂದಾಗಿದೆ ಎಂದು ಹೇಳುತ್ತಿದ್ದರು. ಆಮೇಲಾಮೇಲೆ ನಿಂತಲ್ಲೇ ಒಂದು ಚಮಚ, ಇನ್ನೊಂದು ಕೈಯಲ್ಲಿ ಫೋನು. ಯಾವ ದಿನ ಏನೇ ಮಾಡಿರಲಿ, ಚಲೋ ಅದೆ ಎಂಬ ಒಂದೇ ಮಾತು.

ಆ ಶುಕ್ರವಾರ ನನ್ನ ಜೊತೆಯ ಅಡುಗೆಯವಳು ತಡವಾಗಿ ಬಂದಳು. ಅವಳು ಬರುವಷ್ಟರಲ್ಲಿ ನಾನು ಸಾಂಬಾರಿಗೆ ಉಪ್ಪು ಹಾಕಿ ನೀರು ತರಲು ಹೋಗಿದ್ದೆ. ಹಾಕಿಲ್ಲವೆಂದು ಅವಳೂ ಹಾಕಿದಳು. ಅಕ್ಕೋರು ಬಂದು ಒಂದು ಚಮಚ ಬಾಯಿಗೆ ಹಾಕಿಕೊಂಡರು, ಚಲೋ ಅದೆ ಎಂದರು, ಸಹಿ ಹಾಕಿ ಹೋದರು. ಆಮೇಲೆ ನಾನು ನಾಲಿಗೆಗೆ ಹಚ್ಚಿ ನೋಡಿದೆ. ಬಾಯಿ ಉರಿಯುವಷ್ಟು ಉಪ್ಪು. ಆಗಲೇ ಓಡಿ ಹೋಗಿ ಹೇಳಬೇಕಿತ್ತು. ಓದಿದವರು ಚಲೋ ಅಂದಿದ್ದಾರೆ, ಸಹಿಯೂ ಆಗಿದೆ, ನನ್ನ ಬಾಯಿಯೇ ಸರಿ ಇಲ್ಲವೇನೋ ಎಂದುಕೊಂಡೆ. ಆಫೀಸಿನ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಬಂದು ಬಡಿಸಿದೆ.

ಒಂದನೆಯ ಇಯತ್ತೆಯ ಹುಡುಗಿಯೊಬ್ಬಳು ಮೊದಲ ತುತ್ತನ್ನು ಉಗುಳಿ ಅಳತೊಡಗಿದಳು. ಮಾಸ್ತರು ಬಂದು ರುಚಿ ನೋಡಿದವರು, "ಎಂತ ಅಕ್ಕಾ, ಇವತ್ತು ಸಮುದ್ರದ ನೀರಲ್ಲೇ ಬೇಯಿಸ್ದ್ರಾ?" ಎಂದರು. ಮಕ್ಕಳೆಲ್ಲ ನಕ್ಕುಬಿಟ್ಟರು. ಬಡಿಸಿದ್ದನ್ನು ತೆಗೆಸಿ, ಬೇರೆ ಬೇಳೆ ಬೇಯಿಸಲು ಹೇಳಿ, ಅಷ್ಟು ಹೊತ್ತು ಮಕ್ಕಳನ್ನು ಹೊರಗೆ ಆಡಲು ಬಿಟ್ಟರು. ಊಟ ತಡವಾಯಿತು, ಬೇರೇನೂ ಆಗಲಿಲ್ಲ.

ಅಕ್ಕೋರು ಮಾತ್ರ ಕಾಣಲಿಲ್ಲ. ಹುಡುಕಿದರೆ ಅಕ್ಕಿ ಇಡುವ ಕೋಣೆಯಲ್ಲಿ ಚೀಲದ ಮೇಲೆ ಕೂತಿದ್ದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ಕಂಡು ನನಗೆ ಹೆಚ್ಚು ಹೆದರಿಕೆಯಾಯಿತು. ತಿಂಗಳುಗಳಿಂದ ತಮಗೆ ಯಾವುದರ ರುಚಿಯೂ ಹತ್ತುತ್ತಿಲ್ಲವೆಂದರು. ನಿದ್ದೆ ಇಲ್ಲ, ಮಕ್ಕಳ ಮುಖ ನೋಡಿದರೆ ಮೊದಲಿನ ಹಾಗೆ ಏನೂ ಅನಿಸುವುದಿಲ್ಲ. ಸ್ವಯಂ ನಿವೃತ್ತಿಯ ಅರ್ಜಿ ಬರೆದಿಟ್ಟಿದ್ದಾರಂತೆ, ಸೋಮವಾರ ಹೊನ್ನಾವರದ ಆಫೀಸಿಗೆ ಕೊಟ್ಟುಬಿಡುತ್ತಾರಂತೆ. ಮಕ್ಕಳ ಬಾಯಿಗೆ ಬೀಳುವುದನ್ನೂ ಸರಿಯಾಗಿ ನೋಡಲಾಗದವಳು ಈ ಕುರ್ಚಿಯಲ್ಲಿ ಇರಬಾರದು ಎಂದರು.

ನಾನು ಯಾರ ಮುಂದೂ ಬಾಯಿ ಬಿಟ್ಟವಳಲ್ಲ. ಆದರೂ ಆ ದಿನ ಉಪ್ಪು ಹೆಚ್ಚಾದದ್ದು ಗೊತ್ತಿದ್ದೂ ಬಡಿಸಿದ್ದನ್ನು, ಬಾಗಿಲವರೆಗೆ ಬಂದು ತಿರುಗಿ ಹೋದದ್ದನ್ನು ಹೇಳಿಬಿಟ್ಟೆ.

"ಹಾಂಗಾರೆ ಹೇಳೂಕೆ ಆಗ್ತಿತ್ತಲ್ಲ ಅಕ್ಕಾ?"

"ಹೆದ್ರಿಕೆ ಆತು ಅಕ್ಕೋರೆ. ಉಪ್ಪು ಹಾಕಿದ್ದು ನಾವು, ಗೊತ್ತಾಗಿ ಸುಮ್ನಿದ್ದದ್ದು ನಾನು. ಅದನ್ನೂ ನೀವೇ ತಲೆ ಮೇಲೆ ಹಾಕ್ಕೊಂಡ್ರೆ ಹೆಂಗೆ? ಉಪ್ಪಾದ್ರೂ ನಮಗೆ ಬಿಡಿ."

ಅವರು ನನ್ನನ್ನೇ ನೋಡಿದರು. ಆಮೇಲೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಬಹಳ ಹೊತ್ತು ಅತ್ತರು. ನಾನು ಪಕ್ಕದ ಚೀಲದ ಮೇಲೆ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಅಡುಗೆಕೋಣೆಯ ಕಿಟಕಿಯಿಂದ ಬಸ್ಸನ್ನೇ ಕಾಯುತ್ತಿದ್ದೆ. ಕುಮಟೆಯ ಬಸ್ಸಿಗೆ ಹೊನ್ನಾವರ ಮೊದಲು ಸಿಗುತ್ತದೆ. ಅಲ್ಲಿ ಇಳಿದುಬಿಟ್ಟಿದ್ದರೆ ಅರ್ಜಿ ಕೊಟ್ಟರೆಂದೇ ಲೆಕ್ಕ. ಬಸ್ಸು ನಿಂತಿತು. ಇಬ್ಬರು ಮೀನಿನ ಹೆಂಗಸರು ಬುಟ್ಟಿ ಹಿಡಿದು ಇಳಿದರು, ಅವರ ಹಿಂದೆ ಅಕ್ಕೋರು. ನನ್ನ ಎದೆಯ ಮೇಲಿಂದ ಯಾರೋ ಅಕ್ಕಿಚೀಲ ಇಳಿಸಿದ ಹಾಗಾಯಿತು.

ಅವತ್ತು ಅವರು ಬರೆದದ್ದು ಹದಿನೈದು ದಿನದ ರಜೆಯ ಅರ್ಜಿ. ಡಾಕ್ಟರಿಗೆ ತೋರಿಸಿಕೊಂಡು ಮಿರ್ಜಾನಿನ ಅಕ್ಕನ ಮನೆಗೆ ಹೋದರು. ಮೊದಲ ಮೂರು ದಿನ ಅಲ್ಲಿಂದ ಒಂದೇ ಸಮ ಫೋನು. ಮಾಸ್ತರು ಎತ್ತಲೇ ಇಲ್ಲ, ನನಗೂ ಎತ್ತಬೇಡಿ ಎಂದು ತಾಕೀತು ಮಾಡಿದ್ದರು. ನಾಲ್ಕನೆಯ ದಿನದಿಂದ ಫೋನು ನಿಂತಿತು. ತಿರುಗಿ ಬಂದಾಗ ಮೊದಲು ಕೇಳಿದ್ದು, ಎಷ್ಟು ತಪ್ಪಾಗಿದೆ ಎಂದು. "ಸುಮಾರು ತಪ್ಪು ಆಗ್ಯದೆ ಅಕ್ಕೋರೆ. ಶಾಲೆ ಇಲ್ಲೇ ಅದೆ, ನೋಡಿ" ಎಂದರು ಮಾಸ್ತರು. ಆ ತಪ್ಪುಗಳನ್ನು ತಿದ್ದಲು ಇಬ್ಬರಿಗೂ ಒಂದು ವಾರ ಹಿಡಿಯಿತು. ಮಾಸ್ತರು ಸಂಜೆ ನಿಂತು ಕೆಲಸ ಮಾಡಿದ್ದನ್ನು ನಾನು ಕಂಡದ್ದು ಆಗಲೇ. ಆಮೇಲಿಂದ ಫೋನಿನ ಕೆಲಸ ಅವರಿಗೆ, ಮನೆಗಳಿಗೆ ಹೋಗುವುದು ಅಕ್ಕೋರಿಗೆ ಎಂದು ಪಾಲು ಮಾಡಿಕೊಂಡರು.

ಅಕ್ಕೋರ ಸ್ವಭಾವ ಬದಲಾಯಿತೆಂದು ತಿಳಿಯಬೇಡ. ಕಡೆಯವರೆಗೂ ಸಣ್ಣ ಮಾತಿಗೆ ಮುಖ ಬಾಡುತ್ತಿತ್ತು. ಆದರೆ ಅಂಥ ದಿನ ತಾವೇ ಬಂದು, ಇವತ್ತು ನಂಗೆ ಆಗೂದಿಲ್ಲ, ನೀವು ನೋಡಿ ಎಂದು ಮಾಸ್ತರಿಗೆ ಹೇಳುವುದನ್ನು ಕಲಿತರು. ಅವಧಿ ಪೂರ್ತಿ ಮಾಡಿಯೇ ನಿವೃತ್ತರಾದರು. ತಂಗೀ, ನೀನು ಮಾಸ್ತರ ಹಾಗೆ ಆಗಬೇಕೆಂದು ನಾನು ಹೇಳುತ್ತಿಲ್ಲ, ಆಗಲಾರೆ. ಹೇಳಲೆಂದು ಬಾಗಿಲವರೆಗೆ ಹೋದವಳು ತಿರುಗಿ ಬರಬೇಡ, ಅಷ್ಟೇ.

ತಮ್ಮಾ, ಇದನ್ನು ಫೋಟೋ ತೆಗೆದು ಯಾರಿಗೂ ಕಳಿಸಬೇಡ, ನನಗೆ ನಾಚಿಕೆಯಾಗುತ್ತದೆ. ನಿನ್ನಕ್ಕನ ನೇಮಕಾತಿ ಪತ್ರ ಇಟ್ಟ ಪ್ಲಾಸ್ಟಿಕ್ ಫೈಲಿನಲ್ಲೇ ಈ ಹಾಳೆಗಳನ್ನೂ ಹಾಕಿಡು. ಮಳೆಗಾಲದಲ್ಲಿ ಒಮ್ಮೆ ತೆಗೆದು ನೋಡಿ, ಹಾಳೆಗೆ ಥಂಡಿ ಹಿಡಿಯದ ಹಾಗೆ ಇಬ್ಬರೂ ಕಾಪಾಡಿಕೊಳ್ಳಿ.