ಎಲ್ಲರಿಗೂ ಮೂರು ಸೆಂಟಿಮೀಟರ್

ಕೊಲ್ಲಿ ದೇಶದ ಸಲ್ವಾದ ಭಾರತೀಯ ಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ನರ್ಸ್ ಆಗಿದ್ದ ಒಲಿಂಡಾ ಸಿಸ್ಟರ್ ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ಹೊಟ್ಟೆನೋವೆಂದು ಬಂದ ಮಗುವಿಗೆ ಮೊದಲು ಟೈಮ್‌ಟೇಬಲ್ ಕೇಳುತ್ತಿದ್ದರು. ಗಣಿತದ ಟೆಸ್ಟ್ ಇದ್ದರೆ ಮದ್ದಿಲ್ಲ. ಬೇರೆಯವರಿಗೆ ಮೂಗಿನ ತುದಿಯಲ್ಲಿ ಕೋಪವಿದ್ದರೆ ಉಡುಪಿ ಕಡೆಯ ಈ ಹೆಂಗಸಿಗೆ ಅಲ್ಲಿ ಅನುಮಾನವೇ ಕೂತಿತ್ತು.

ಅಂಥವರ ಕಣ್ಣಿಗೆ 2010ರ ಅಕ್ಟೋಬರಿನಲ್ಲಿ ಬಿದ್ದವನು ಎಂಟನೇ ಕ್ಲಾಸಿನ ಸಾಯಂತನ್ ಘೋಷಾಲ್. ಎರಡು ವರ್ಷದ ಹಿಂದೆ ಕೋಲ್ಕತ್ತಾದಿಂದ ಬಂದಾಗ ಪೀಚು ಹುಡುಗ. ಈಗ ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಂತರೆ ನೂರೈವತ್ತಮೂರು ಸೆಂಟಿಮೀಟರ್! ಅವನ ಹೆಲ್ತ್ ಕಾರ್ಡಿನಲ್ಲಿ ಹೋದ ವರ್ಷ ನೂರನಲವತ್ತೊಂದು. ಮೇಲ್ತುಟಿಯ ಮೇಲೆ ಮೀಸೆಯ ಕಪ್ಪು ಬೇರೆ. ಬಂಗಾಳಿ ಹುಡುಗರು ನಿಧಾನಕ್ಕೆ ಬೆಳೆಯುವವರೆಂದು ಸಿಸ್ಟರ್ ಅದ್ಯಾಕೋ ತೀರ್ಮಾನಿಸಿಬಿಟ್ಟಿದ್ದರು.

"ಇವನ ಬರ್ತ್ ಸರ್ಟಿಫಿಕೇಟ್ ಸರಿ ಉಂಟಾ ನೋಡಿ ಮಾಸ್ಟ್ರೇ. ಒಂದೇ ವರ್ಷಕ್ಕೆ ಹನ್ನೆರಡು ಸೆಂಟಿಮೀಟರ್ ಅಂದ್ರೆ ಎಂತ ಕಥೆ!" ಎಂದು ಪಿ.ಟಿ. ಮಾಸ್ತರ್ ಮಧುಸೂದನ್ ಅವರ ಕಿವಿಗೆ ಹಾಕಿದರು.

ಹದಿನಾಲ್ಕರ ಒಳಗಿನವರ ಫುಟ್‌ಬಾಲ್ ಫೈನಲ್ ಗುರುವಾರ, ಸಾಯಂತನ್ನೇ ಗೋಲ್‌ಕೀಪರ್. ಮೈಸೂರಿನ ಮಧುಸೂದನ್ ಹೆದರಿಬಿಟ್ಟರು. "ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಸ್ಕೂಲ್ ಮರ್ಯಾದೆ ಹೋಗುತ್ತೆ ಸಿಸ್ಟರ್. ಅವನನ್ನ ಟೀಮಿಂದ ತೆಗೀತೀನಿ. ನೀವೊಂದು ರಿಪೋರ್ಟ್ ಬರ್ಕೊಡಿ."

ಮರುದಿನ ಹುಡುಗ ತಾನೇ ಬಂದು ನಿಂತ. "ಸಿಸ್ಟರ್, ಐ ಆಮ್ ಓನ್ಲಿ ಥರ್ಟೀನ್" ಎಂದ. ದನಿ ಒಡೆದಿತ್ತು. ಸಿಸ್ಟರಿಗೆ ಅದೂ ಒಂದು ಸಾಕ್ಷಿಯಾಯಿತು.

ರಿಪೋರ್ಟು ಗಟ್ಟಿಯಾಗಲಿ ಎಂದು ಅವನ ಕ್ಲಾಸಿನ ಮಿಕ್ಕವರ ಕಾರ್ಡುಗಳನ್ನೂ ತೆಗೆದರು. ಆರನೇ ಕ್ಲಾಸಿನಿಂದ ಏಳಕ್ಕೆ ಕ್ಲೇಟನ್ ಬೆಳೆದದ್ದು ಮೂರು ಸೆಂಟಿಮೀಟರ್. ನಿಧಿಯೂ ಮೂರು. ಮೂವತ್ತೆರಡು ಮಕ್ಕಳೂ ಮೂರೇ ಮೂರು. ಒಲಿಂಡಾಗೆ ಆಗ ನೆನಪಾಯಿತು. ಹೋದ ವರ್ಷ ಹಂದಿಜ್ವರದ ಗಲಾಟೆ. ಗೇಟಿನಲ್ಲಿ ನಿಂತು ಮಕ್ಕಳ ಜ್ವರ ನೋಡುವುದರಲ್ಲೇ ದಿನ ಕಳೆದು, ಎತ್ತರ ಅಳೆಯಲು ಆಗಿರಲೇ ಇಲ್ಲ. ಕಾರ್ಡುಗಳ ತಪಾಸಣೆಗೆ ಇಲಾಖೆಯವರು ಬಂದಾಗ ಹಿಂದಿನ ವರ್ಷದ ಅಳತೆಗೆ ಮೂರು ಮೂರು ಸೇರಿಸಿ ತುಂಬಿದ್ದು ಅವರದೇ ಕೈ. ಹುಡುಗ ಬೆಳೆದದ್ದು ಎರಡು ವರ್ಷಕ್ಕೆ ಹದಿನೈದು. ಮೀಸೆ ಚಿಗುರುವ ವಯಸ್ಸಿಗೆ ಅದೇನೂ ಹೆಚ್ಚಲ್ಲ.

ಕಾರ್ಡುಗಳನ್ನು ಮತ್ತೆ ಕಪಾಟಿಗೆ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ, ಹಿಂದೆಯೇ ಇಕಾಮಾ, ಆ ದೇಶದಲ್ಲಿರುವ ಪರವಾನಗಿ. ಒಲಿಂಡಾ ಖಾಲಿ ಹಾಳೆಯೊಂದನ್ನು ಎಳೆದುಕೊಂಡರು.

"ರಿಪೋರ್ಟ್ ಆಯ್ತಾ ಸಿಸ್ಟರ್?" ಮಧುಸೂದನ್ ಬಾಗಿಲಲ್ಲಿದ್ದರು.

"ಆಯ್ತು. ಪ್ರಿನ್ಸಿಪಾಲರಿಗೂ ಒಂದು ಕಾಪಿ ಕೊಡಿ."

ಮಧುಸೂದನ್ ಅಲ್ಲೇ ನಿಂತು ಓದಿದರು: "ಹುಡುಗನ ಮೇಲೆ ಅನುಮಾನಕ್ಕೆ ಕಾರಣವಿಲ್ಲ. ಹೋದ ವರ್ಷದ ಎತ್ತರ ಸುಳ್ಳು. ಬರೆದವಳು ನಾನು."