ಚಿಕ್ಕಸ್ವಾಮಣ್ಣ ಗುಡಿಸಿದ ಪೊದೆ

ನಮ್ಮ ಪಕ್ಕದ ಮನೆಯ ಚಿಕ್ಕಸ್ವಾಮಣ್ಣ ಬಾಯಿ ಬಿಟ್ಟರೆ ಬುರುಡೆ. ಹೇಮಾವತಿ ನಾಲೆಯಲ್ಲಿ ಎಮ್ಮೆಕರುವಿನಷ್ಟು ದಪ್ಪದ ಮೀನು ಹಿಡಿದೆ ಎನ್ನುವ ಆಸಾಮಿ. ಹಾಲು ಹಾಕಲು ಡೈರಿಗೆ ಬಂದರೆ ಸಾಕು, ಎಲ್ಲರೂ ಕಿಚಾಯಿಸುತ್ತಿದ್ದರು. ಹಾಗಾಗಿ, ಬೆಟ್ಟದ ಬುಡದಲ್ಲಿರುವ ತನ್ನ ಕೊಟ್ಟಿಗೆಯ ಹಿಂದಿನ ಪೊದೆಯಲ್ಲಿ ಗುಬ್ಬಿ ಗಾತ್ರದ ನೀಲಿ ಹಕ್ಕಿಯೊಂದು ಸೇರಿಕೊಂಡಿದೆ, ತರಗೆಲೆ ಕೆದಕಿ ಹುಳ ತಿನ್ನುತ್ತದೆ, ನೋಡಿದರೆ ಅವಿತುಕೊಳ್ಳುತ್ತದೆ ಎಂದಾಗ ಒಬ್ಬರೂ ನಂಬಲಿಲ್ಲ. ನಾನೂ ನಕ್ಕೆ.

"ಈ ಸಲ ದಿಟ ಕಣ್ಲಾ ನಾಗರಾಜು! ಎದೆ ಕಿತ್ತಳೆ ಬಣ್ಣ, ಹುಬ್ಬು ಬೆಳ್ಳಗೈತೆ, ಬಾಲ ಕುಣಿಸ್ತದೆ. ನಿನ್ ತಂಗೀನ ಕರ್ಸು, ಅವ್ಳೇ ನೋಡ್ಲಿ," ಎಂದ.

ನನ್ನ ತಂಗಿ ರಂಜಿತ ಕೆ.ಆರ್.ಪೇಟೆಯಲ್ಲಿ ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಾಳೆ, ಹಕ್ಕಿಗಳೆಂದರೆ ಹುಚ್ಚು. ಅವನು ಹೇಳಿದ್ದನ್ನೆಲ್ಲ ಅವಳಿಗೆ ತಿಳಿಸಿದೆ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಇಳಿದು ಬರುವ ಹಕ್ಕಿಯಿರಬೇಕು, ಭಾನುವಾರವೇ ಬರುತ್ತೇನೆ ಎಂದು ಫೋನಿನಲ್ಲೇ ಕಿರುಚಿದಳು.

ಚಿಕ್ಕಸ್ವಾಮಣ್ಣನ ಸಂಭ್ರಮ ಕೇಳಬೇಕೆ! ಡೈರಿಯವರನ್ನೆಲ್ಲ ಕರೆದ. ಮನೆಗೆ ನೆಂಟರು ಬರುತ್ತಾರೆಂದರೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡಿದ. ಶನಿವಾರ ಮಚ್ಚು ಹಿಡಿದು ಪೊದೆಯ ಬುಡವನ್ನೆಲ್ಲ ಸವರಿದ. ತರಗನ್ನು ಗುಡಿಸಿ ತಿಪ್ಪೆಗೆ ಸುರಿದ. ಅವನ ಹೆಂಡತಿ ಬೈರಮ್ಮ ಸಗಣಿ ನೀರು ಚೆಲ್ಲಿ ರಂಗೋಲಿಯನ್ನೂ ಬಿಟ್ಟಳು. ಅಯ್ಯೋ ಪುಣ್ಯಾತ್ಮರೇ!

ಭಾನುವಾರ ರಂಜಿತ ಬಂದವಳೇ ಗಕ್ಕನೆ ನಿಂತಳು. "ಯಾರು ಇದನ್ನ ಗುಡಿಸಿದ್ದು?"

"ನಾನೇ ಕಣವ್ವ. ನೀನು ಬತ್ತೀಯಾ ಅಂತ," ಎಂದು ಚಿಕ್ಕಸ್ವಾಮಣ್ಣ ಹಲ್ಲು ಬಿಟ್ಟ.

ಬಿಸಿಲು ನೆತ್ತಿಗೇರುವ ತನಕ ಕಾದೆವು. ಹಕ್ಕಿಯ ಸುಳಿವಿಲ್ಲ. ಡೈರಿಯ ಹೊನ್ನಪ್ಪ, "ಎಲ್ಲೋಯ್ತ್ಲಾ ನಿನ್ ಹಕ್ಕಿ? ರಂಗೋಲಿ ನೋಡ್ಕಂಡು ವಾಪಸ್ ಹೋಯ್ತಾ?" ಎಂದ. ಎಲ್ಲರೂ ಗೊಳ್ಳೆಂದರು.

ರಂಜಿತಳಿಗೆ ರೇಗಿತು. "ನಗಬೇಡಿ. ಕಣ್ಣಾರೆ ನೋಡದೋರು ಆ ಹುಬ್ಬು, ಆ ಬಾಲ ಹೇಳಕ್ಕಾಗಲ್ಲ. ಹಕ್ಕಿ ಇತ್ತು. ಅವಿತುಕೊಳ್ಳಕ್ಕೆ ಅದಕ್ಕೆ ಪೊದೆ ಬೇಕು, ಹುಳ ಹುಡುಕಕ್ಕೆ ತರಗು ಬೇಕು. ಎರಡೂ ಈಗಿಲ್ಲ, ಅದಕ್ಕೇ ಹೋಗಿದೆ."

ನಗು ನಿಂತಿತು. "ಅಂಗಾರೆ ದಿಟನೇಯಾ?" ಎಂದ ಹೊನ್ನಪ್ಪ, ಮೊದಲ ಸಲ ಮರ್ಯಾದೆಯಿಂದ.

ಅಷ್ಟು ವರ್ಷ ಊರ ಬಾಯಿಂದ ಆ ಒಂದು ಮಾತಿಗಾಗಿ ಕಾದಿದ್ದ ಮನುಷ್ಯ ತಲೆಯೆತ್ತಲಿಲ್ಲ. ಬೋಳು ನೆಲವನ್ನೇ ನೋಡುತ್ತಿದ್ದ. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತ್ತು, ನೋಡಲಾರದೆ ನನಗೇ ಸಂಕಟವಾಯಿತು.

"ಇಲ್ಲ ಕಣವ್ವ," ಎಂದ ಕೊನೆಗೆ. "ಯಾವ ಹಕ್ಕೀನೂ ಇರ್ಲಿಲ್ಲ. ನಾನೇ ಬುರುಡೆ ಬುಟ್ಟಿದ್ದು."

ಆ ಮಾತನ್ನು ಒಬ್ಬರೂ ನಂಬಲಿಲ್ಲ.